ಜಪಾನಿನ ದಾಂಚಿ ಮನೆಗಳಲ್ಲಿ ವೃದ್ಧರ ಬಾಳುವೆ

ಪರಊರಿನಲ್ಲಿ ದುಡಿಯುವವನಿಗೆ ಮನೆಯ ವಿಷಯದಲ್ಲಿ ಎರಡು ಚಿಂತೆಗಳು. ಇಂದು ರಾತ್ರಿ ಮಲಗುವುದೆಲ್ಲಿ ಎಂಬುದು ಮೊದಲನೆಯದು. ಇದನ್ನು ನಮ್ಮಲ್ಲಿ ಪ್ರತಿಯೊಬ್ಬರೂ ಹೇಗೋ ಬಗೆಹರಿಸಿಕೊಂಡಿದ್ದೇವೆ. ಕೆಲವರು ಹೋಟೆಲಿನ ಮಾಳಿಗೆಯಲ್ಲಿ, ಕೆಲವರು ನಾಲ್ವರು ಸೇರಿ ಹಿಡಿದ ಖೋಲಿಯಲ್ಲಿ, ಅದೃಷ್ಟವಿದ್ದವರು ಸ್ವಂತ ಬ್ಲಾಕಿನಲ್ಲಿ. ಕೈಕಾಲು ಸೋತ ಮೇಲೆ ಇರುವುದೆಲ್ಲಿ ಎಂಬುದು ಎರಡನೆಯದು. ಅದನ್ನು ಕೇಳಿದರೆ ಹೆಚ್ಚಿನವರು "ಊರಿಗೆ ಹೋದರಾಯಿತು" ಎನ್ನುವರು. ಹಾಗೆಂದವರೆಲ್ಲರೂ ಹೋದದ್ದುಂಟೇ? ಮಗನ ನೌಕರಿ ಇಲ್ಲಿ, ಮೊಮ್ಮಕ್ಕಳ ಶಾಲೆ ಇಲ್ಲಿ, ಊರಿನ ಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ ಪಡಸಾಲೆಯೊಂದು ಉಳಿದಿದ್ದರೆ ಹೆಚ್ಚು. ಹೀಗಾಗಿ ಬಹುಮಂದಿಗೆ ಇದ್ದಲ್ಲಿಯೇ ಮುಪ್ಪು ಬರುತ್ತದೆ.

ಇದ್ದಲ್ಲಿಯೇ ಮುಪ್ಪು ಬಂದ ಒಂದು ದೊಡ್ಡ ವಸತಿ ಜಪಾನಿನಲ್ಲಿದೆ. ಅಲ್ಲಿಯ ನಿವಾಸಿಗಳ ಅನುಭವವನ್ನು ನಮ್ಮ ಓದುಗರು ತಿಳಿದುಕೊಳ್ಳುವುದು ಒಳ್ಳೆಯದೆಂದು ಇದನ್ನು ಬರೆಯುತ್ತಿದ್ದೇನೆ.

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನ ಹಳ್ಳಿಗಳಿಂದ ಯುವಕರು ಗುಂಪು ಗುಂಪಾಗಿ ಟೋಕಿಯೋ, ಒಸಾಕಾ ನಗರಗಳಿಗೆ ಕೆಲಸಕ್ಕಾಗಿ ಬಂದರು. ಬಾಂಬಿಗೆ ಸುಟ್ಟುಹೋದ ನಗರಗಳಲ್ಲಿ ಇದ್ದವರಿಗೇ ಮನೆಯಿಲ್ಲ, ಬಂದವರಿಗೆ ಎಲ್ಲಿಂದ? ಅದಕ್ಕಾಗಿ ಸರಕಾರವು ೧೯೫೫ರಲ್ಲಿ ಜಪಾನ್ ವಸತಿ ನಿಗಮವೆಂಬ ಸಂಸ್ಥೆಯನ್ನು ಸ್ಥಾಪಿಸಿತು. ನಗರದ ಅಂಚಿನ ಹೊಲಗದ್ದೆಗಳಲ್ಲಿ ಈ ನಿಗಮವು ಕಾಂಕ್ರೀಟಿನ ಬಹುಮಹಡಿ ಮನೆಗಳ ಸಾಲುಗಳನ್ನು ಎಬ್ಬಿಸಿತು. ಇಂತಹ ಸಮೂಹಕ್ಕೆ ಅವರ ಭಾಷೆಯಲ್ಲಿ 'ದಾಂಚಿ' ಎಂದು ಹೆಸರು. ಟೋಕಿಯೋದ ಪಕ್ಕದ ಚಿಬಾ ಪ್ರಾಂತದಲ್ಲಿ ಮಾತ್ಸುದೊ ಎಂಬ ಪಟ್ಟಣವಿದೆ. ಅಲ್ಲಿಯ ತೊಕಿವಾದೈರಾ ದಾಂಚಿಗೆ ೧೯೬೦ರಲ್ಲಿ ಜನ ಬಂದು ನೆಲಸತೊಡಗಿದರು. ೧೭೦ ಕಟ್ಟಡಗಳು, ೪,೮೩೯ ಮನೆಗಳು. ಒಂದು ಸಣ್ಣ ತಾಲ್ಲೂಕು ಪಟ್ಟಣವೇ ಸರಿ.

ಬಂದವರು ಯಾರು? ಆಫೀಸಿನ ಗುಮಾಸ್ತರು, ಕಾರಖಾನೆಯ ನುರಿತ ಕೆಲಸಗಾರರು, ಹೊಸದಾಗಿ ಮದುವೆಯಾದ ದಂಪತಿಗಳು. ಬಾಡಿಗೆಯ ಹಲವು ಪಟ್ಟು ಸಂಬಳವಿದ್ದವರಿಗೆ ಮಾತ್ರ ಅರ್ಜಿ ಹಾಕಲು ಅವಕಾಶ. ಅರ್ಜಿಗಳು ಮನೆಗಳಿಗಿಂತ ಬಹಳ ಹೆಚ್ಚಾಗುತ್ತಿದ್ದುದರಿಂದ ಚೀಟಿ ಎತ್ತಬೇಕಾಗುತ್ತಿತ್ತು. ಚೀಟಿಯಲ್ಲಿ ಹೆಸರು ಬಂದವರನ್ನು ನೆರೆಹೊರೆಯವರು ಭಾಗ್ಯವಂತರೆಂದು ನೋಡುತ್ತಿದ್ದರು. ಒಂದು ವಾರಪತ್ರಿಕೆಯು ೧೯೫೮ರಲ್ಲಿ ಇವರಿಗೆ 'ದಾಂಚಿ ಬಣ' ಎಂದು ಹೆಸರಿಟ್ಟಿತು. ೧೯೬೦ರಲ್ಲಿ ಜಪಾನಿನ ಯುವರಾಜರು ತಮ್ಮ ಪತ್ನಿಯೊಡನೆ ಹಿಬಾರಿಗಾವೊಕಾ ಎಂಬ ಇನ್ನೊಂದು ದಾಂಚಿಯನ್ನು ನೋಡಲು ಹೋದದ್ದೂ ಉಂಟು.

ಈ ಮನೆಗಳಲ್ಲಿ ಅಂತಹ ವಿಶೇಷವೇನಿತ್ತೆಂದರೆ, ಸುಮಾರು ೪೦೦ ಚದರಡಿಯೊಳಗೆ ಊಟ ಮಾಡುವ ಸ್ಥಳ ಬೇರೆ, ಮಲಗುವ ಸ್ಥಳ ಬೇರೆ. ಅಲ್ಲಿಯವರೆಗೆ ಸಾಮಾನ್ಯ ಜಪಾನೀಯನು ನಮ್ಮ ಖೋಲಿಗಳಲ್ಲಿಯಂತೆ ಉಂಡ ಜಾಗವನ್ನು ಒರೆಸಿ ಅಲ್ಲಿಯೇ ಹಾಸಿಗೆ ಬಿಚ್ಚುತ್ತಿದ್ದನು. ಸ್ನಾನಕ್ಕೆ ಬೀದಿಯ ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಬೇಕಿತ್ತು. ದಾಂಚಿಯಲ್ಲಿ ಬಚ್ಚಲು ಮನೆಯೊಳಗೆ, ಪಾಯಿಖಾನೆ ಮನೆಯೊಳಗೆ, ಅಡಿಗೆಗೆ ನಿಂತುಕೊಂಡು ಕೆಲಸ ಮಾಡುವ ಕಟ್ಟೆ. ಎಲ್ಲಕ್ಕಿಂತ ಹೆಚ್ಚಾಗಿ ಉಕ್ಕಿನ ಬಾಗಿಲು, ಅದಕ್ಕೊಂದು ಗಟ್ಟಿ ಬೀಗ. ಹಳೆಯ ಮರದ ಮನೆಗಳಲ್ಲಿ ಕಾವಲಿಗೆ ಯಾರಾದರೂ ಮನೆಯಲ್ಲಿ ಉಳಿಯಬೇಕು. ಇಲ್ಲಿ ಒಂದು ಬೀಗದ ಕೈ ತಿರುಗಿಸಿದರೆ ಗಂಡಹೆಂಡಿರಿಬ್ಬರೂ ಹೊರಗೆ ಹೋಗಬಹುದು. ಅತ್ತೆಯ ಕಣ್ಣಿಲ್ಲ, ಪಕ್ಕದವರ ಕಿವಿಯಿಲ್ಲ. ಮಾತ್ಸುದೊ ನಗರದ ವಸ್ತುಸಂಗ್ರಹಾಲಯದಲ್ಲಿ ೧೯೬೨ರ ತೊಕಿವಾದೈರಾ ಮನೆಯೊಂದನ್ನು ಆಗಿನ ಪಾತ್ರೆಪದಾರ್ಥಗಳ ಸಹಿತ ಹಾಗೆಯೇ ಕಟ್ಟಿ ತೋರಿಸಿದ್ದಾರೆ. ಅದೇ ಅಳತೆಯ ಮನೆಗಳಲ್ಲಿ ಸಮೀಪದಲ್ಲೇ ಜನ ಇಂದಿಗೂ ವಾಸಿಸುತ್ತಿರುವಾಗ ಅದು ಪ್ರದರ್ಶನದ ವಸ್ತುವಾದದ್ದು ಒಂದು ಸೋಜಿಗ.

ಮಕ್ಕಳು ಬೆಳೆದರು, ಮದುವೆಯಾಗಿ ಬೇರೆಡೆಗೆ ಹೋದರು. ಅನುಕೂಲವಿದ್ದವರು ಸ್ವಂತ ಮನೆ ಕಟ್ಟಿಕೊಂಡು ಹೊರಟರು. ಉಳಿದವರಿಗೆ ವಯಸ್ಸಾಯಿತು, ಖಾಲಿಯಾದ ಮನೆಗಳಿಗೆ ಬಂದವರಲ್ಲಿಯೂ ಒಂಟಿಗರು, ವಯಸ್ಸಾದವರು ಬಹಳ. ಕಳೆದ ದಶಕದಲ್ಲಿ ನೋಡಿದಾಗ ತೊಕಿವಾದೈರಾದ ನಿವಾಸಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ೬೫ ದಾಟಿದವರು. ಗುಮಾಸ್ತರಿಗಾಗಿ ಕಟ್ಟಿದ ವಸತಿ ಯಾರೂ ತೀರ್ಮಾನ ಮಾಡದೆಯೇ ವೃದ್ಧರ ವಸತಿಯಾಯಿತು.

ಇನ್ನು ಅಲ್ಲಿ ಇರುವವರ ಕಷ್ಟಸುಖ. ಮೊದಲನೆಯ ದೂರು ಮೆಟ್ಟಿಲಿನದು. ಆ ಕಾಲದಲ್ಲಿ ನಾಲ್ಕೈದು ಅಂತಸ್ತಿನ ಕಟ್ಟಡಕ್ಕೆ ಲಿಫ್ಟು ಇಡುವ ಪದ್ಧತಿ ಇರಲಿಲ್ಲ. (ಜಪಾನೀಯರು ನೆಲದಂತಸ್ತನ್ನೇ ಒಂದನೆಯದೆಂದು ಎಣಿಸುವರು, ಅವರ ನಾಲ್ಕನೆಯದು ನಮ್ಮ ಮೂರನೆಯ ಮಾಳಿಗೆ.) ಮೂವತ್ತರ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ಹಾರಿ ಹತ್ತಿದವರು ಎಂಬತ್ತರಲ್ಲಿ ಅಕ್ಕಿಯ ಚೀಲ ಹಿಡಿದು ಪ್ರತಿ ತಿರುವಿನಲ್ಲಿಯೂ ನಿಲ್ಲುವರು. ಕಸವನ್ನು ನಿಗದಿಯಾದ ದಿನ ಬೆಳಗ್ಗೆ ಕೆಳಗೆ ಒಯ್ದು ಇಡಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು. ಮೊಣಕಾಲು ನೋಯುವವರಿಗೆ ಇದೇ ಒಂದು ದೊಡ್ಡ ಕೆಲಸ. ಒಂದು ದಿನ ತಪ್ಪಿತು, ಎರಡು ದಿನ ತಪ್ಪಿತು. ಕಡೆಗೆ ಕಸ ಮನೆಯೊಳಗೇ ಬೆಳೆಯುತ್ತದೆ. ಇದನ್ನು ಅರಿತ ಕೆಲವು ಪುರಸಭೆಗಳು ಅಂತಹವರ ಬಾಗಿಲಿಗೇ ಆಳುಗಳನ್ನು ಕಳುಹಿಸಿ ಕಸ ಎತ್ತಿಸುವವು. ಬಂದವರು ಕಸದ ಜೊತೆಗೆ ಕ್ಷೇಮಸಮಾಚಾರವನ್ನೂ ಕೇಳಿ ಹೋಗುವರು.

ಈಗ ಲಿಫ್ಟು ಹಾಕಿಸಬಾರದೇಕೆ ಎಂದು ಕೇಳಬಹುದು. ಕೆಲವೆಡೆ ಹಾಕಿಸಿಯೂ ಇದ್ದಾರೆ. ಆದರೆ ದಾಂಚಿಯ ಕಟ್ಟಡದಲ್ಲಿ ಉದ್ದನೆಯ ಓಣಿ ಇಲ್ಲ. ಒಂದೊಂದು ಮೆಟ್ಟಿಲ ಸಾಲಿಗೆ ಪ್ರತಿ ಅಂತಸ್ತಿನಲ್ಲಿ ಎಡಕ್ಕೊಂದು ಬಲಕ್ಕೊಂದು, ಹೀಗೆ ಎರಡೇ ಬಾಗಿಲು. ಆದ್ದರಿಂದ ಎಂಟು ಹತ್ತು ಮನೆಗಳಿಗೆ ಒಂದೊಂದು ಲಿಫ್ಟು ಬೇಕು. ಅದನ್ನು ಹೊರಗಿನಿಂದ ಜೋಡಿಸಿದರೆ ಅದು ನಿಲ್ಲುವುದು ಮೆಟ್ಟಿಲು ತಿರುಗುವ ಅರ್ಧ ಮಟ್ಟದಲ್ಲಿ. ಮನೆಗೆ ಹೋಗಲು ಮತ್ತೆ ಅರ್ಧ ಸಾಲು ಹತ್ತಬೇಕು ಇಲ್ಲವೆ ಇಳಿಯಬೇಕು. ಗಾಲಿಕುರ್ಚಿಯವನಿಗೆ ಅದರಿಂದ ಏನು ಬಂತು? ಇದಕ್ಕಿಂತ ಕೆಳಗಿನ ಮನೆಗಳನ್ನು ದುರಸ್ತಿ ಮಾಡಿ, ಹೊಸ್ತಿಲು ತೆಗೆದು, ಗೋಡೆಗೆ ಹಿಡಿಕೆ ಹಾಕಿ, ಬಾಡಿಗೆಯಲ್ಲಿ ರಿಯಾಯಿತಿ ಕೊಟ್ಟು, ಮೇಲಿನ ವೃದ್ಧರನ್ನು ಅಲ್ಲಿಗೆ ಇಳಿಸುವುದೇ ವಾಸಿಯಾದ ದಾರಿಯೆಂದು ನನಗೆ ತೋರುತ್ತದೆ. ನಿಗಮದ ಇಂದಿನ ವಾರಸುದಾರ ಸಂಸ್ಥೆಯು ಇಂತಹ ಮನೆಗಳನ್ನು ಒದಗಿಸುತ್ತಲೂ ಇದೆ. ಹಳೆಯ ಬಚ್ಚಲಿನ ತೊಟ್ಟಿಯದೂ ಇಂಥದೇ ಪಾಡು. ಅದರ ಅಂಚು ಎತ್ತರ; ಕಾಲೆತ್ತಿ ದಾಟುವಾಗ ಜಾರಿದರೆ ಸೊಂಟ ಮುರಿಯಿತೆಂದೇ ಲೆಕ್ಕ.

ಹಳೆಯದನ್ನು ಕೆಡವಿ ಹೊಸದು ಕಟ್ಟಿದರೆ ಎಲ್ಲ ಸರಿಹೋಗದೇ? ಪಿಂಚಣಿಯ ಮೇಲೆ ಬದುಕುವವನಿಗೆ ಹೊಸ ಕಟ್ಟಡವೆಂದರೆ ಹೊಸ ಬಾಡಿಗೆ. ಸೋರುವ ಮನೆಯಾದರೂ ಸಾಗುವ ಬಾಡಿಗೆ ಇರಲಿ ಎನ್ನುವವರೇ ಬಹಳ. ಹೊರಗೆ ಹೋಗೋಣವೆಂದರೆ ಖಾಸಗಿ ಮಾಲಿಕರು ಒಂಟಿ ವೃದ್ಧರಿಗೆ ಮನೆ ಕೊಡಲು ಹಿಂಜರಿಯುವರು. ಜಾಮೀನು ಯಾರೆಂದು ಕೇಳುವರು. ನಿಗಮದ ಮನೆಗಳಿಗೆ ಜಾಮೀನುದಾರ ಬೇಕಿಲ್ಲ. ಇದೊಂದು ದೊಡ್ಡ ಸೌಕರ್ಯ. ದಾಂಚಿಯ ವೃದ್ಧರನ್ನು ಬರಿಯ ಕನಿಕರದಿಂದ ನೋಡುವವರು ಇದನ್ನು ಮರೆಯಬಾರದು. ಮರಗಳಿವೆ, ವಾಹನಗಳ ಗದ್ದಲವಿಲ್ಲ, ವಸಂತದಲ್ಲಿ ತೊಕಿವಾದೈರಾದ ಚೆರಿ ಮರಗಳ ಬೀದಿಯನ್ನು ನೋಡಲು ಹೊರಗಿನವರೂ ಬರುವರು. ಎಷ್ಟೋ ಮಂದಿ ಅಲ್ಲಿಯೇ ಇರಬೇಕೆಂದು ಬಯಸಿ ಇದ್ದವರು.

ಖಾಸಗಿ ಮಾಲಿಕರು ಹಿಂಜರಿಯುವುದಕ್ಕೆ ಇರುವ ಕಾರಣವೇ ಈ ಲೇಖನದ ಮುಖ್ಯ ವಿಷಯ. ಇಪ್ಪತ್ತೊಂದನೆಯ ಶತಮಾನ ಕಾಲಿಡುತ್ತಿದ್ದ ಸಮಯದಲ್ಲಿ ತೊಕಿವಾದೈರಾದ ಒಂದು ಮನೆಯ ಬಾಡಿಗೆ ಬರುವುದು ನಿಂತಿತು. ವಿಚಾರಿಸಲು ಹೋದವರು ಬಾಗಿಲು ತೆರೆಸಿ ನೋಡಿದಾಗ ಒಳಗೆ ಇದ್ದುದು ಅಸ್ಥಿಪಂಜರ. ಮನೆಯಾತ ಸತ್ತು ಮೂರು ವರ್ಷ ಕಳೆದಿತ್ತು! ಬಾಡಿಗೆ, ದೀಪ, ನೀರು ಎಲ್ಲದರ ಹಣವೂ ತಿಂಗಳು ತಿಂಗಳೂ ಬ್ಯಾಂಕಿನ ಖಾತೆಯಿಂದ ತಾನಾಗಿ ಸಲ್ಲುತ್ತಿತ್ತು. ಖಾತೆ ಬರಿದಾದ ದಿನ ಮಾತ್ರ ಲೋಕಕ್ಕೆ ಅವನ ನೆನಪಾಯಿತು. ಕೆಲವೇ ಅಡಿಗಳ ಆಚೆ, ಗೋಡೆಯ ಮಗ್ಗುಲಲ್ಲಿ, ಇನ್ನೊಂದು ಸಂಸಾರವಿತ್ತು. ಹಿಂದೆ ಎಲ್ಲರೂ ಮೆಚ್ಚಿದ ಉಕ್ಕಿನ ಬಾಗಿಲು, ದಪ್ಪ ಗೋಡೆ, ಒಂದೇ ಬೀಗ, ಇವೇ ಅವನನ್ನು ಮುಚ್ಚಿಟ್ಟಿದ್ದವು.

ಇದಕ್ಕೆ ಜಪಾನೀಯರು 'ಕೊದೊಕುಶಿ' ಎನ್ನುವರು. ಒಂಟಿ ಸಾವು ಎಂದರ್ಥ. ೧೯೯೫ರ ಕೋಬೆ ಭೂಕಂಪದಲ್ಲಿ ಮನೆ ಕಳೆದುಕೊಂಡವರನ್ನು ತಾತ್ಕಾಲಿಕ ವಸತಿಗಳಲ್ಲಿ ಇರಿಸಿದಾಗ ಇಂತಹ ಸಾವುಗಳು ಒಂದಾದ ಮೇಲೊಂದು ಬೆಳಕಿಗೆ ಬಂದು ಈ ಮಾತು ಎಲ್ಲರ ಬಾಯಿಗೆ ಬಂದಿತು. ಹಳೆಯ ನೆರೆಹೊರೆಯನ್ನು ಒಡೆದು, ಯಾರಿಗೆ ಎಲ್ಲಿ ಕೊಠಡಿ ಸಿಕ್ಕಿತೋ ಅಲ್ಲಿಗೆ ಹಾಕಿದ್ದೇ ಅದಕ್ಕೊಂದು ಕಾರಣವೆಂದು ಆಮೇಲೆ ಕಂಡುಬಂತು. ೨೦೨೪ರಲ್ಲಿ ಒಂಟಿಯಾಗಿದ್ದು ಮನೆಯಲ್ಲೇ ಸತ್ತವರ ಲೆಕ್ಕವನ್ನು ಜಪಾನಿನ ಪೋಲೀಸರು ಪ್ರಕಟಿಸಿದರು: ೭೬,೦೨೦ ಮಂದಿ, ಅವರಲ್ಲಿ ೬೫ ವರ್ಷ ಮೇಲ್ಪಟ್ಟವರು ೫೮,೦೪೪. ಇದರಲ್ಲಿ ಅದೇ ದಿನ ಮಗಳೋ ನೆರೆಯವರೋ ಬಂದು ಕಂಡ ಸಾವುಗಳೂ ಸೇರಿರುವುದರಿಂದ ಎಲ್ಲವನ್ನೂ ಕೊದೊಕುಶಿ ಎನ್ನಲಾಗದು. ಎಂಟು ದಿನ ಅಥವಾ ಅದಕ್ಕೂ ತಡವಾಗಿ ಕಂಡುಬಂದವರನ್ನು ಬೇರೆ ಮಾಡಿ ಸರಕಾರ ಎಣಿಸಿದಾಗ ೨೧,೮೫೬ ಆಯಿತು. ಲೆಕ್ಕವನ್ನು ಇಷ್ಟು ಬಿಡಿಸಿ ಇಡುವ ದೇಶಗಳು ಕಡಿಮೆ. ನಮ್ಮ ದೊಡ್ಡ ನಗರಗಳಲ್ಲಿಯೂ ಇಂತಹ ಸುದ್ದಿ ಆಗೊಮ್ಮೆ ಈಗೊಮ್ಮೆ ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ, ಮರುದಿನ ಮರೆತುಹೋಗುತ್ತದೆ.

ತೊಕಿವಾದೈರಾದ ನಿವಾಸಿಗಳ ಸಂಘದವರು ಅದನ್ನು ಮರೆಯಲು ಬಿಡಲಿಲ್ಲ. ೨೦೦೨ರಲ್ಲಿ ಮತ್ತೊಂದು ಸಾವು ತಿಂಗಳುಗಟ್ಟಲೆ ಯಾರಿಗೂ ತಿಳಿಯದೆ ಉಳಿಯಿತು. ಸತ್ತವನು ಮುದುಕನೂ ಅಲ್ಲ, ಐವತ್ತರ ಆಸುಪಾಸಿನವನು. ಆಗ ಸಂಘದವರು ಪತ್ರಿಕೆ ಹಂಚುವ ಅಂಗಡಿಗಳನ್ನೂ ಬೀಗ ತೆರೆಯುವ ಕಸಬುದಾರರನ್ನೂ ಜೊತೆಗೆ ಸೇರಿಸಿಕೊಂಡು ಒಂದು ಏರ್ಪಾಡು ಮಾಡಿದರು. ಬಾಗಿಲಲ್ಲಿ ಪತ್ರಿಕೆಗಳು ರಾಶಿ ಬಿದ್ದರೆ, ಒಣಗಹಾಕಿದ ಬಟ್ಟೆ ಹಾಗೆಯೇ ಇದ್ದರೆ, ಹಗಲಲ್ಲಿಯೂ ದೀಪ ಉರಿಯುತ್ತಿದ್ದರೆ, ಕಂಡವರು ತಿಳಿಸಬೇಕು. ೨೦೦೪ರಲ್ಲಿ ದಾಂಚಿಯೊಳಗೆ ಇದಕ್ಕೆಂದೇ ಒಂದು ಕೇಂದ್ರ ತೆರೆದರು. ಒಂಟಿಗರು ತಮ್ಮ ಹೆಸರು, ನೋಡುವ ವೈದ್ಯರು, ತುರ್ತಿಗೆ ತಿಳಿಸಬೇಕಾದ ನಂಟರು ಇಷ್ಟನ್ನು ಬರೆದುಕೊಡುವ ಒಂದು ಕಾರ್ಡನ್ನು ಚಾಲ್ತಿಗೆ ತಂದರು. ಕಾರ್ಡೆಂದರೆ ಸಣ್ಣ ವಸ್ತು. ಆದರೆ ನಂಟರ ಹೆಸರು ಬರೆಯಲು ಕುಳಿತವನಿಗೆ ಯಾರ ಹೆಸರು ಬರೆಯಲಿ ಎಂದು ತೋಚದೆ ಹೋಗುವುದುಂಟು.

೨೦೦೭ರಲ್ಲಿ ಅವರೊಂದು ಕೂಟದ ಕೊಠಡಿಯನ್ನು ತೆರೆದರು. ನೂರು ಯೆನ್ ಕೊಟ್ಟು ಒಳಗೆ ಹೋದರೆ ಕಾಫಿ ಕುಡಿಯುತ್ತ ಎಷ್ಟು ಹೊತ್ತಾದರೂ ಕೂತಿರಬಹುದು. ಹೊಸ ವರ್ಷದ ರಜೆಯ ಕೆಲವು ದಿನ ಬಿಟ್ಟರೆ ಬಾಗಿಲು ಮುಚ್ಚುವಂತಿಲ್ಲ. ಪುಕ್ಕಟೆ ಮಾಡದೆ ನೂರು ಯೆನ್ ಇಟ್ಟದ್ದು ಜಾಣತನವೆಂದು ನನ್ನ ಎಣಿಕೆ. ದುಡ್ಡು ಕೊಟ್ಟವನು ಗಿರಾಕಿಯಂತೆ ಕೂರುವನು, ದಾನ ಪಡೆದವನಂತೆ ಮುದುಡುವುದಿಲ್ಲ. ಆದರೂ ಇಂತಹ ಕಡೆಗಳಿಗೆ ಹೆಂಗಸರು ಬರುವಷ್ಟು ಗಂಡಸರು ಬರುವುದಿಲ್ಲವೆಂಬ ಮಾತು ಜಪಾನಿನ ಎಲ್ಲೆಡೆ ಕೇಳಿಬರುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂವತ್ತು ನಲವತ್ತು ವರ್ಷ ಬೆಳಗಿನ ಗಾಡಿಗೆ ಹೋಗಿ ರಾತ್ರಿಯ ಗಾಡಿಗೆ ಬಂದವನಿಗೆ ಆಫೀಸಿನ ಮೇಜಿನ ಎಡಬಲದವರು ಗೊತ್ತು, ಮನೆಯ ಎಡಬಲದವರು ಗೊತ್ತಿಲ್ಲ. ಹೆಂಡತಿ ಮಕ್ಕಳನ್ನು ಶಾಲೆಗೆ ಬಿಡುತ್ತ, ತರಕಾರಿ ಕೊಳ್ಳುತ್ತ, ಮೆಟ್ಟಿಲು ಗುಡಿಸುತ್ತ ನಾಲ್ಕು ಜನರ ಬಳಕೆ ಮಾಡಿಕೊಂಡಿರುವಳು. ಅವಳು ಮೊದಲು ತೀರಿಕೊಂಡರೆ ಆ ಬಳಕೆಯೆಲ್ಲವೂ ಅವಳೊಂದಿಗೇ ಹೋಗುವುದು. ಈ ಸಾಲುಗಳನ್ನು ಗುಮಾಸ್ತ ಮಿತ್ರರು ಎರಡು ಸಲ ಓದಬೇಕೆಂದು ವಿನಂತಿ.

ಸಂಘದ ಏರ್ಪಾಡಿಗಿಂತ ನನ್ನ ಮನಸ್ಸಿಗೆ ಹಿಡಿದದ್ದು ಅಲ್ಲಿಯ ಒಬ್ಬ ವೃದ್ಧೆಯ ಯುಕ್ತಿ. ಆಕೆ ಎದುರಿನ ಕಟ್ಟಡದ ಹೆಂಗಸಿಗೆ ಹೇಳಿಟ್ಟಿದ್ದಳಂತೆ: "ದಿನವೂ ನನ್ನ ಕಿಟಕಿಯನ್ನು ಒಂದು ಸಲ ನೋಡಮ್ಮ. ಎದ್ದ ಕೂಡಲೆ ಕಾಗದದ ತೆರೆ ಸರಿಸುತ್ತೇನೆ, ಮಲಗುವಾಗ ಮುಚ್ಚುತ್ತೇನೆ. ಹಗಲಲ್ಲಿ ಮುಚ್ಚಿದ್ದರೆ ನಾನು ಹೋದೆನೆಂದು ತಿಳಿ." ಇದಕ್ಕೆ ಖರ್ಚಿಲ್ಲ, ಸರಕಾರ ಬೇಕಿಲ್ಲ. ಬೇಕಾದದ್ದು ಎದುರುಗಡೆ ಪರಿಚಯದವಳೊಬ್ಬಳು.

ವ್ಯಾಪಾರಸ್ಥರೂ ಈ ಕೆಲಸದಲ್ಲಿ ಕೈಹಾಕಿದ್ದಾರೆ. ಮನೆಮನೆಗೆ ಯಾಕುಲ್ಟ್ ಎಂಬ ಹುದುಗಿದ ಹಾಲಿನ ಪಾನೀಯವನ್ನು ಮಾರುವ ಹೆಂಗಸರು ೧೯೭೨ರಿಂದಲೇ ಒಂಟಿ ವೃದ್ಧರ ಬಾಗಿಲು ತಟ್ಟಿ ಕ್ಷೇಮ ವಿಚಾರಿಸುವ ರೂಢಿಯನ್ನು ಫುಕುಶಿಮಾ ಪ್ರಾಂತದಲ್ಲಿ ಪ್ರಾರಂಭಿಸಿದರು. ಈಗ ಅದು ದೇಶದ ಹಲವೆಡೆ ಹಬ್ಬಿದೆ. ೨೦೦೧ರಲ್ಲಿ ಜೊಜಿರುಶಿ ಕಂಪನಿಯು ನೀರು ಕಾಯಿಸುವ ಒಂದು ವಿದ್ಯುತ್ ಪಾತ್ರೆಯನ್ನು ತಂದಿತು. ಮುದುಕಿ ಚಹಕ್ಕೆ ನೀರು ಬಗ್ಗಿಸಿದ ಸಂಗತಿ ದೂರದ ಮಗನಿಗೆ ತಾನಾಗಿ ತಿಳಿಯುವಂತೆ ಅದರಲ್ಲಿ ಏರ್ಪಾಡು ಇದೆ. ತಾಯಿ ಇಂದು ಬೆಳಗ್ಗೆ ಚಹ ಮಾಡಿದಳು, ಸರಿ, ಇದ್ದಾಳೆ!

ವೃದ್ಧರಿಗೆಂದೇ ಕಟ್ಟಿದ ಮನೆಗಳೂ ಜಪಾನಿನಲ್ಲಿ ಇಲ್ಲದಿಲ್ಲ. ೧೯೮೭ರಿಂದ 'ಸಿಲ್ವರ್ ಹೌಸಿಂಗ್' ಎಂಬ ಸಾರ್ವಜನಿಕ ವಸತಿಗಳಿವೆ. ತುರ್ತಿನ ಗುಂಡಿ, ಇಷ್ಟು ಗಂಟೆ ನೀರು ಬಳಸದಿದ್ದರೆ ಸೂಚನೆ ಕೊಡುವ ಸಾಧನ, ವಿಚಾರಿಸಿಕೊಳ್ಳಲು ಒಬ್ಬ ಸಹಾಯಕ, ಇವು ಅಲ್ಲಿಯ ಅನುಕೂಲಗಳು. ೨೦೧೧ರಿಂದ ಖಾಸಗಿಯವರು ಕಟ್ಟುವ ಸೇವಾಸಹಿತ ವಸತಿಗಳೂ ಕಾನೂನಿನಡಿ ನೋಂದಣಿಯಾಗುತ್ತಿವೆ. ಇವುಗಳಲ್ಲಿ ಕ್ಷೇಮ ವಿಚಾರಣೆ ಮತ್ತು ಸಲಹೆ ಕಡ್ಡಾಯ. ಕೊಠಡಿ ಸಾಮಾನ್ಯವಾಗಿ ೨೫ ಚದರ ಮೀಟರಿಗೆ ಕಡಿಮೆ ಇರಕೂಡದು. ಆದರೆ ಬಾಡಿಗೆಯ ಮೇಲೆ ಸೇವೆಯ ಹಣ, ಅದರ ಮೇಲೆ ಊಟದ ಹಣ ಸೇರಿದಾಗ ಸಣ್ಣ ಪಿಂಚಣಿಯವನು ಹೊರಗೇ ಉಳಿಯುವನು. ಎಷ್ಟೋ ಕಡೆ ರಾತ್ರಿ ಸಿಬ್ಬಂದಿ ಇರುವುದಿಲ್ಲ, ಗುಂಡಿ ಒತ್ತಿದರೆ ದೂರದಿಂದ ಉತ್ತರ ಬರುತ್ತದೆ. ನಮ್ಮಲ್ಲಿ ಈಚೆಗೆ ಪುಣೆ, ಬೆಂಗಳೂರು, ಕೊಯಮತ್ತೂರುಗಳ ಸುತ್ತ ಏಳುತ್ತಿರುವ ಹಿರಿಯರ ವಸತಿಗಳ ಜಾಹೀರಾತು ನೋಡುವವರು, ರಾತ್ರಿ ಎರಡು ಗಂಟೆಗೆ ಗುಂಡಿ ಒತ್ತಿದರೆ ಯಾರು ಬರುತ್ತಾರೆ, ಎಷ್ಟು ನಿಮಿಷಕ್ಕೆ ಬರುತ್ತಾರೆ ಎಂದು ಮೊದಲು ಕೇಳಬೇಕು. ಈಜುಕೊಳದ ಚಿತ್ರ ಆಮೇಲೆ ನೋಡಬಹುದು.

ಈ ಜಪಾನೀ ವೃತ್ತಾಂತ ಮುಂಬಯಿಯಲ್ಲಿರುವ ನಮ್ಮವರಿಗೆ ಇಂದು ಹತ್ತಿರದ್ದಾಗಿದೆ. ೧೯೨೦ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ೧೬೦ ಚದರಡಿಯ ಖೋಲಿಗಳ ಬದಲು ೫೦೦ ಚದರಡಿಯ ಹೊಸ ಮನೆ ಕೊಡುವ ಕೆಲಸ ನಡೆದಿದೆ. ವರ್ಲಿಯಲ್ಲಿ ೨೦೨೫ರ ಆಗಸ್ಟಿನಲ್ಲಿ ಮೊದಲ ೫೫೬ ಮನೆಗಳ ಬೀಗದ ಕೈಗಳನ್ನು ಹಂಚಿದರು. ಚಾಳಿನ ಜೀವನವನ್ನು ಹೊಗಳುವುದು ಅದರಲ್ಲಿ ಇರದವರ ಕೆಲಸ. ಸಂಡಾಸಿಗೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರು ಸ್ವಂತ ಪಾಯಿಖಾನೆಯನ್ನು ಬಯಸಿದರೆ ಅದು ನ್ಯಾಯವೇ. ೧೯೬೦ರ ಜಪಾನೀ ಗುಮಾಸ್ತನು ಬಯಸಿದ್ದೂ ಅದನ್ನೇ. ಲಿಫ್ಟೂ ಇರುವುದರಿಂದ ಮೊಣಕಾಲಿಗೆ ಸುಖ. ಆದರೆ ಚಾಳಿನ ಗ್ಯಾಲರಿಯಲ್ಲಿ ಒಬ್ಬ ಅಜ್ಜ ಬೆಳಗ್ಗೆ ನಳದ ಹತ್ತಿರ ಕಾಣದಿದ್ದರೆ ಎಂಟು ಗಂಟೆಯೊಳಗೆ ಯಾರಾದರೂ "ಅಜ್ಜ ಯಾಕೆ ಎದ್ದಿಲ್ಲ?" ಎಂದು ಬಾಗಿಲು ಬಡಿಯುತ್ತಿದ್ದರು. ನಲವತ್ತು ಅಂತಸ್ತಿನ ಕಟ್ಟಡದಲ್ಲಿ ಆ ಬಡಿತ ತಾನಾಗಿ ಆಗುವುದಿಲ್ಲ. ಹೊಸ ಮನೆಗೆ ಹೋಗುವವರು ತಮ್ಮ ಹಳೆಯ ಗ್ಯಾಲರಿಯವರು ಒಂದೇ ಅಂತಸ್ತಿನಲ್ಲಿ ಬರುವಂತೆ ಸೊಸೈಟಿಯಲ್ಲಿ ಕೇಳಿ ನೋಡಬಹುದು. ಕೋಬೆಯಲ್ಲಿ ತಪ್ಪಿದ್ದು ಇದೇ.

ಇನ್ನು ಚಾಳೂ ಇಲ್ಲದೆ, ಸಂಸಾರವೂ ಜೊತೆಗಿಲ್ಲದೆ ಖೋಲಿಯಲ್ಲಿ ಒಬ್ಬರೇ ಇರುವ ಹಿರಿಯ ಸದಸ್ಯರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿಯೂ ಇದ್ದಾರೆ. ದಿನವೂ ಸಂಜೆ ಪತ್ರಿಕೆಗೆ ಬರುವವರು ಎರಡು ದಿನ ಕಾಣದಿದ್ದರೆ ಪಕ್ಕದ ಕುರ್ಚಿಯವರಿಗೆ ಅದು ತಿಳಿಯುತ್ತದೆ. ಆದರೆ ಎಲ್ಲಿ ಹೋಗಿ ವಿಚಾರಿಸಬೇಕೆಂಬುದು ತಿಳಿದಿರುವುದಿಲ್ಲ. ತೊಕಿವಾದೈರಾದವರ ಕಾರ್ಡನ್ನು ನಾವೂ ಮಾಡಬಹುದೆಂದು ಸೂಚಿಸುತ್ತೇನೆ. ಹಾಜರಿ ಪುಸ್ತಕದ ಪಕ್ಕದಲ್ಲಿ ಒಂದು ದಪ್ಪ ರಟ್ಟಿನ ಪುಸ್ತಕವಿರಲಿ. ಒಪ್ಪಿದವರು ಮಾತ್ರ ಬರೆಯಲಿ. ಅದನ್ನು ಗ್ರಂಥಪಾಲಕರು ಬೀಗದಲ್ಲಿಡಲಿ. ಹೆಸರು, ಖೋಲಿಯ ನಂಬರು, ಹತ್ತಿರದ ಅಂಗಡಿ ಅಥವಾ ಗುಡಿಯ ಗುರುತು, ನಿತ್ಯ ತೆಗೆದುಕೊಳ್ಳುವ ಔಷಧಿ, ಇನ್ನೊಂದು ಬೀಗದ ಕೈ ಯಾರ ಬಳಿ ಇದೆ ಎಂಬುದು, ಊರಲ್ಲಿ ತಿಳಿಸಬೇಕಾದವರ ಫೋನು. ವೃದ್ಧರ ಸಹಾಯಕ್ಕೆ ಭಾರತ ಸರಕಾರದ ೧೪೫೬೭ ಎಂಬ ಪುಕ್ಕಟೆ ಫೋನ್ ನಂಬರು ಇದೆ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಉತ್ತರ ಸಿಗುತ್ತದೆ. ಅದನ್ನು ಪುಸ್ತಕದ ಮೊದಲ ಪುಟದಲ್ಲಿಯೇ ದಪ್ಪಕ್ಷರದಲ್ಲಿ ಬರೆದಿಡಬೇಕು. ಊರಿನ ವಿಳಾಸ ಬರೆಯುವಾಗ ತಾಲ್ಲೂಕಿನ ಹೆಸರನ್ನು ಬಿಡಬೇಡಿ. ಒಂದೇ ಹೆಸರಿನ ಹಳ್ಳಿಗಳು ನಮ್ಮ ಜಿಲ್ಲೆಗಳಲ್ಲಿ ಬಹಳ ಇವೆ.